ಕುಂಟುಗಾಲಿನ ತಾಳವಾದಕರಲ್ಲಿ ಒಂದು ಬಿನ್ನಹ

ಮಾನ್ಯ ಬಟ್ಟೆ ಒಗೆಯುವ ಯಂತ್ರದವರೇ,

ತಮ್ಮ ತೊಟ್ಟಿ, ಪೈಪು, ಗುಂಡಿಗಳೆಲ್ಲ ಕ್ಷೇಮವೆಂದು ನಂಬಿ, ತಮ್ಮ ಮುಚ್ಚಳಕ್ಕೆ ತಲೆಬಾಗಿ, ನಮ್ಮ ರ‍್ಯಾಪ್ ರಾಕ್ ತಂಡದ ಮೊದಲ ಹಾಡು ಊರೆಲ್ಲ ಮೊಳಗುತ್ತಿರುವ ಈ ಶುಭಗಳಿಗೆಯಲ್ಲಿ ಅದೇ ತಂಡದ ಡ್ರಮ್ಮರ್ ಆದ ನಾನು ತಮ್ಮನ್ನು ಹಲ್ಲು ಕಚ್ಚಿಕೊಂಡು ಅಭಿನಂದಿಸುತ್ತೇನೆ.

ಹಾಡಿನ ಧ್ವನಿಮುದ್ರಣ ನಡೆದದ್ದು ನಮ್ಮ ಗಾಯಕನ ಮನೆಯ ಹಿಂಬದಿ ಕೋಣೆಯಲ್ಲಿ, ಅಂದರೆ ತಮ್ಮ ಸನ್ನಿಧಿಯಲ್ಲಿ. ಅಂದು ಗಾಯಕನ ತಾಯಿ, ನಮ್ಮ ಅರಚಾಟವನ್ನು ಎಂದಿನ ಜಗಳವೆಂದೇ ತಿಳಿದು, ಮನೆಯ ರಗ್ಗುಗಳನ್ನೆಲ್ಲ ತಮ್ಮೊಳಗೆ ತುರುಕಿ ಗುಂಡಿ ಒತ್ತಿ ಹೋದರು. ರಗ್ಗುಗಳು ಒಂದೇ ಕಡೆ ಮುದ್ದೆಯಾದವು, ತಮ್ಮ ಕುಂಟುಗಾಲಿನ ಕೆಳಗಿದ್ದ ಮರದ ಚಕ್ಕೆ ಎಲ್ಲಿಗೋ ಜಾರಿತು, ತಾವು ನೆಲವನ್ನು ಧಡಧಡ ಬಡಿಯತೊಡಗಿದಿರಿ. ನಾನೂ ಬೆವರಿಳಿಸಿಕೊಂಡು ಬಾರಿಸುತ್ತಲೇ ಇದ್ದೆ. ಧ್ವನಿಮುದ್ರಣದ ಗೆಳೆಯ, ಎರಡರಲ್ಲಿ ಗದ್ದಲ ಯಾವುದೆಂದು ಬಹಳ ಯೋಚಿಸಿ, ನನ್ನನ್ನು ಅಳಿಸಿ ತಮ್ಮನ್ನು ಉಳಿಸಿಕೊಂಡ.

ಹಾಡು ಬಿಡುಗಡೆಯಾದದ್ದೇ ತಡ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಕೋಣೆಯಲ್ಲೂ ಅದೇ ಹಾಡು. ವಿಮರ್ಶಕರೊಬ್ಬರು ಆ ತಾಳದಲ್ಲಿ ನೊಂದ ಪೀಳಿಗೆಯ ಸಿಟ್ಟು ಸಿಡಿದಿದೆಯೆಂದು ಬರೆದರು. ಸಿಡಿದದ್ದು ಒದ್ದೆ ರಗ್ಗು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಆಗಿನ್ನೂ ಅದು ನನ್ನದೇ ಕೈಚಳಕವೆಂದು ನಾನೂ ನಂಬಿದಂತೆ ನಟಿಸುತ್ತಿದ್ದೆ. ಮೊದಲ ಕಾರ್ಯಕ್ರಮದಲ್ಲಿ ನಾನು ಬಾರಿಸಿದಾಗ ಜನ ಇದಲ್ಲ, ಇದಲ್ಲ ಎಂದು ಕೂಗಿದರು. ಮರುದಿನವೇ ತಮ್ಮನ್ನು ವೇದಿಕೆಗೆ ಹೊತ್ತು ತಂದರು. ಹೊತ್ತವರಲ್ಲಿ ನಾನೂ ಒಬ್ಬ.

ಈಗ ವ್ಯಾನಿನಲ್ಲಿ ಮುಂದಿನ ಸೀಟು ತಮಗೆ, ಹಿಂದೆ ತಂತಿಗಳ ನಡುವೆ ಜಾಗ ನನಗೆ. ತಮ್ಮನ್ನು ರಿಪೇರಿ ಮಾಡಲು ಬಂದ ಮೆಕ್ಯಾನಿಕ್‌ನನ್ನು ಕಳ್ಳನಂತೆ ಗೇಟಿನಿಂದಲೇ ಅಟ್ಟಲಾಯಿತು. ತಾಳ ಕೆಟ್ಟೀತೆಂದು ಅಂದಿನ ಆ ರಗ್ಗುಗಳನ್ನು ಬಿಟ್ಟು ತಮ್ಮಲ್ಲಿ ಒಂದು ಕರವಸ್ತ್ರವನ್ನೂ ಒಗೆಯುವಂತಿಲ್ಲ. ಹಾಗಾದರೆ ಬಟ್ಟೆ ಒಗೆಯುವವರು ಯಾರು ಎಂಬ ಪ್ರಶ್ನೆ ಎದ್ದಾಗ ಗಾಯಕನ ತಾಯಿ, “ನಿಂಗೆ ಹೇಗೂ ಬಡಿಯೋದು ಗೊತ್ತಲ್ಲಪ್ಪಾ” ಎಂದು ಇಡೀ ತಂಡದ ಮೈಲಿಗೆ ಬಟ್ಟೆಯ ಗಂಟನ್ನು ನನ್ನ ಮುಂದಿಟ್ಟರು. ಗಾಯಕನ ಜೀನ್ಸ್ ಪ್ಯಾಂಟನ್ನು ಕಲ್ಲಿಗೆ ಅಪ್ಪಳಿಸುವಾಗ ನನ್ನ ತಾಳ ಎಷ್ಟು ಅಚ್ಚುಕಟ್ಟಾಗಿರುತ್ತದೆಂದರೆ, ಪಕ್ಕದ ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತದೆ. ವೇದಿಕೆಯ ಮೇಲಿನ ಡ್ರಮ್ಮರ್ ಕುರ್ಚಿ ನನ್ನದು, ನನಗದು ವಾಪಸ್ಸು ಬೇಕು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಒಂದು ದಿನ ನೆಗಡಿಯ ರಜೆ ಹಾಕಬೇಕೆಂದೂ, ಅದಾಗದಿದ್ದಲ್ಲಿ ತಾವು ನೀರು ತುಂಬಿಕೊಳ್ಳುವಷ್ಟು ಹೊತ್ತಾದರೂ ನನಗೆ ಬಾರಿಸಲು ಬಿಡಬೇಕೆಂದೂ, ಅದೂ ಆಗದಿದ್ದಲ್ಲಿ ನನ್ನ ಕಾಲುಚೀಲಗಳನ್ನಾದರೂ ಗುಟ್ಟಾಗಿ ಒಗೆದುಕೊಡಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಸೋಪಿನ ನೊರೆಯಲ್ಲಿ ಮೊಣಕೈವರೆಗೂ ಮುಳುಗಿರುವ,
ತಮ್ಮ ವಿಶ್ವಾಸಿ,
ಮಾಜಿ ಡ್ರಮ್ಮರ್, ಹಾಲಿ ಒಗೆತದ ವಿಭಾಗ

ತಾ.ಕ.: ಅಂದು ಜಾರಿಹೋಗಿದ್ದ ಮರದ ಚಕ್ಕೆ ಕೋಣೆ ಗುಡಿಸುವಾಗ ಸಿಕ್ಕಿದೆ, ನನ್ನ ಜೇಬಿನಲ್ಲಿ ಜೋಪಾನವಾಗಿದೆ. ಕುಂಟುವವರಿಗೆ ಆಸರೆಯಾಗಬೇಕೆಂದು ನಮ್ಮಮ್ಮ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ನಾಳೆಯ ಕಾರ್ಯಕ್ರಮದಲ್ಲಿ ತಮ್ಮನ್ನು ವೇದಿಕೆಯ ಮೇಲೆ ಇಳಿಸುವವನು ನಾನೇ.