ತಡವಾಗಿ ಬೀಳುವ ಎಡಗಾಲು

ಮನುಷ್ಯನ ಬೆಲೆ ಕಟ್ಟಲು ಓದು ಬೇಕು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಿಟ್ಟೆ ಎನ್ನುವುದೂ ದೊಡ್ಡ ಮಾತಾಯಿತು; ಒಂದು ದಿನ ಹೋಗಲಿಲ್ಲ, ಯಾರೂ ಕೇಳಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೆ. ಹಾಗಿದ್ದೂ ಭಾಂಡುಪ್ ಸ್ಟೇಷನ್ನಿನ ಹೊರಗಿರುವ ನನ್ನ ಹೋಟೆಲಿಗೆ ಕೆಲಸ ಕೇಳಿಕೊಂಡು ಬಂದವರಲ್ಲಿ ಯಾರು ನಿಲ್ಲುತ್ತಾರೆ, ಯಾರು ಎರಡನೇ ವಾರಕ್ಕೆ ಅಜ್ಜಿಯನ್ನು ಸಾಯಿಸಿ ಊರಿಗೆ ಓಡುತ್ತಾರೆ ಎನ್ನುವುದರಲ್ಲಿ ನನ್ನ ಲೆಕ್ಕ ತಪ್ಪಿದ್ದಿಲ್ಲ. ನನ್ನ ಪರೀಕ್ಷೆ ಸರಳ. ಬಂದವನ ಕೈಗೆ ಒಂದು ತಟ್ಟೆ ಕೊಟ್ಟು, ಆರು ಗ್ಲಾಸು ನೀರು ನೀನೇ ತುಂಬಿಸಿಟ್ಟುಕೊಂಡು ಗಲ್ಲಾದಿಂದ ಅಡಿಗೆಮನೆಯ ಬಾಗಿಲಿನ ತನಕ ಹೋಗಿ ಬಾ ಎನ್ನುತ್ತೇನೆ. ತಟ್ಟೆ ಕೊಟ್ಟ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ. ನೀರು ಚೆಲ್ಲಿತೋ ಇಲ್ಲವೋ ಎಂದು ನೋಡುವುದು ದಡ್ಡರ ಕೆಲಸ. ನಾನು ಕೇಳುವುದು ಪಾದದ ಸದ್ದನ್ನು.

ಈ ವಿದ್ಯೆ ನನಗೆ ಸಿಕ್ಕಿದ್ದು ಬೈಕುಲ್ಲಾದಲ್ಲಿ. ಮಾರ್ಕೆಟಿನ ಬೆನ್ನಿಗಿದ್ದ ಒಂದು ಹೋಟೆಲಿನ ಧಣಿ ನಮ್ಮನ್ನು ಆರಿಸಿದ್ದೇ ಹೀಗೆ. ನಮ್ಮನ್ನು ಎಂದರೆ ನನ್ನನ್ನು ಮತ್ತು ಶೀನಣ್ಣನನ್ನು. ಒಂದೇ ಬೆಳಿಗ್ಗೆ, ಒಬ್ಬರ ಹಿಂದೆ ಒಬ್ಬರು ತಟ್ಟೆ ಹಿಡಿದು ನಡೆದವರು ನಾವು. "ಮೋರೆಗೆ ಸುಳ್ಳು ಹೇಳ್ಲಿಕ್ಕೆ ಬರ್ತದೆ ಮಗಾ, ಪಾದಕ್ಕೆ ಬರುವುದಿಲ್ಲ" ಎಂದು ಆ ಧಣಿ ಹೇಳಿದ್ದರು. ತುಂಬಿ ತುಳುಕುವ ಆರು ಗ್ಲಾಸು, ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಆರಂಭಿಸಿದ ತಕ್ಷಣ ಮಗಳು ನಿಶಾ ಕಿವಿಗೆ ಮೊಬೈಲಿನ ವಯರು ಸಿಕ್ಕಿಸಿಕೊಳ್ಳುತ್ತಾಳೆ. ಮುಂದೆ ನಾನು ಸ್ವಂತ ಹೋಟೆಲು ಮಾಡಿದಾಗ ಶೀನಣ್ಣ ನನ್ನ ಜೊತೆ ಬಂದ. ಅಂದಿನಿಂದ ಇಂದಿನ ತನಕ ನನ್ನ ದೊಡ್ಡ ಸಪ್ಲಾಯರ್ ಅವನೇ. ನನಗಿಂತ ನಾಲ್ಕು ವರ್ಷ ದೊಡ್ಡವನು, ಆದರೂ ನನ್ನನ್ನು ಧಣಿ ಎನ್ನುತ್ತಾನೆ. ನಾನೂ ಬೇಡ ಎಂದಿಲ್ಲ.

ಇಷ್ಟು ಗಟ್ಟಿಯಾಗಿದ್ದ ನನ್ನ ವಿದ್ಯೆ ಕೆಟ್ಟದ್ದು ಅಮೆರಿಕದ ಬಾಸ್ಕೆಟ್‌ಬಾಲಿನಿಂದ. ಅಲ್ಲಿ ರಾತ್ರಿ ಆಡುವ ಆಟ ನಮಗೆ ಬೆಳಿಗ್ಗೆ ಐದೂವರೆಗೆ ಬರುತ್ತದೆ. ಮಳೆಗಾಲ ಮುಗಿದು ಹೊಸ ಸೀಸನ್ ಶುರುವಾದ ವಾರದಿಂದ ನಿಶಾ ಮತ್ತು ಪಕ್ಕದ ಬಿಲ್ಡಿಂಗಿನ ಕುಲಕರ್ಣಿಯವರು ಶಟರ್ ಅರ್ಧ ಏಳುವ ಹೊತ್ತಿಗೇ ಒಳಗೆ ನುಗ್ಗಿ ಟಿವಿ ಹಾಕಿಕೊಳ್ಳುತ್ತಿದ್ದರು. ಕುಲಕರ್ಣಿಯವರು ಧಾರವಾಡದ ಕಡೆಯವರು, ಬ್ಯಾಂಕಿನ ನೌಕರರು. ಇಬ್ಬರೂ ಮೊಬೈಲಿನಲ್ಲಿ ತಮ್ಮದೇ ತಂಡ ಕಟ್ಟಿದ್ದರು. ನಿಜವಾದ ಆಟಗಾರರು ಅಲ್ಲಿ ಎಷ್ಟು ಚೆನ್ನಾಗಿ ಆಡುತ್ತಾರೋ ಅಷ್ಟು ಅಂಕ ಇವರಿಗೆ ಇಲ್ಲಿ. ಸೋತವರು ಒಂದು ಭಾನುವಾರವಿಡೀ ನನ್ನ ಹೋಟೆಲಿನಲ್ಲಿ ಗಿರಾಕಿಗಳಿಗೆ ನೀರು ಇಡಬೇಕು ಎಂದು ಪಂಥ. ನನ್ನನ್ನು ಕೇಳದೆ ಕಟ್ಟಿದ್ದು.

"ಮೂವತ್ನಾಕ್ ನಂಬರಿನಾಂವ ಬಂಗಾರ ಅದಾನ್ರಿ ಶೆಟ್ರ. ಅಂವನ ಮ್ಯಾಲ ನನ್ನ ಪೂರಾ ಟೀಮ್ ನಿಂತದ" ಎಂದು ಕುಲಕರ್ಣಿಯವರು ಹೇಳಿದರೆ, ನಿಶಾ ಅಲ್ಲಿಂದಲೇ "ಅಂಕಲ್, ಸೀಸನ್ ಶುರುವಾಗಿ ಅಭೀ ಒಂದು ವಾರ ಆಯ್ತು. ಒಂದು ವಾರದ್ದು ನೋಡಿ ವ್ಯಾಲ್ಯೂ ಹೇಳ್ಬಾರ್ದು ನಾ" ಎನ್ನುವಳು. "ಹಂಗಂದ್ರ ಯಾವಾಗ ಹೇಳಬೇಕವಾ? ಅಂವ ರಿಟೈರ್ ಆದ ಮ್ಯಾಲ?" ಎಂದು ಅವರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಮೊದಲ ವಾರ ಸೊರಗಿದ ಮುದುಕ ಆಟಗಾರನಿಗೆ ಇನ್ನಷ್ಟು ದಿನ ಕಾಯಬೇಕೇ ಎಂದು ಚಟ್ನಿ ರುಬ್ಬುವ ಸದ್ದನ್ನೂ ಮೀರಿಸಿ ವಾದ.

ಬೆಳಿಗ್ಗೆ ಶಟರ್ ತೆಗೆದ ಮೇಲೆ ಅಗರಬತ್ತಿ ಹಿಡಿದು ಇಡೀ ಹೋಟೆಲಿಗೆ ಒಂದು ಸುತ್ತು ಬರುವುದು ನನ್ನ ಪದ್ಧತಿ. ದೇವರ ಪಟ, ಗಲ್ಲಾ, ಹದಿನಾಲ್ಕು ಟೇಬಲ್ಲು, ಕೊನೆಗೆ ಒಲೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಭಕ್ತಿಯೂ ಹೌದು, ನಿದ್ದೆಯೂ ಹೌದು. ಆ ಹೊತ್ತಿಗೆ ಹೊರಗೆ ಇನ್ನೂ ಕತ್ತಲೆ. ಒಂದೇ ಟ್ಯೂಬ್‌ಲೈಟು. ತಲೆಕೆಳಗಾಗಿ ಟೇಬಲ್ಲಿನ ಮೇಲೆ ಕೂತ ಕುರ್ಚಿಗಳು ಕಾಲು ಮೇಲೆ ಮಾಡಿ ಸತ್ತ ಪ್ರಾಣಿಗಳ ಹಾಗೆ ಕಾಣುತ್ತವೆ. ಹಾಗೆ ಸುತ್ತು ಬರುತ್ತಿದ್ದ ಒಂದು ಬೆಳಿಗ್ಗೆ ಟಿವಿಯ ಕಿರ್ ಕಿರ್ ಬೂಟಿನ ಸದ್ದುಗಳ ನಡುವೆ ಒಂದು ಪಾದ ನನಗೆ ಬೇರೆಯಾಗಿ ಕೇಳಿಸಿತು. ಬಲಗಾಲು ಟಪ್ ಎಂದು ಬೀಳುತ್ತಿತ್ತು. ಎಡಗಾಲು ಒಂದು ಚೂರು ತಡವಾಗಿ, ನೆಲವನ್ನು ಸವರಿಕೊಂಡು ಸ್ಸ್‌ಟಪ್. ಕಣ್ಣು ತೆರೆದು ಟಿವಿ ನೋಡಿದೆ. ಹತ್ತು ಜನ, ಇಪ್ಪತ್ತು ಕಾಲು. ಮೂವತ್ತನಾಲ್ಕರವನದೇ ಎಂದು ಅನಿಸಿತು.

"ಕುಲಕರ್ಣಿಯವರೇ, ನಿಮ್ಮ ಬಂಗಾರದ ಎಡಗಾಲು ಹೋಗಿದೆ. ಬಿಟ್ಟುಬಿಡಿ" ಎಂದೆ.

ಅವರು ನಕ್ಕರು. ಮೂರನೆಯ ದಿನ ನಗಲಿಲ್ಲ. ಯಾರೂ ಮುಟ್ಟದೆ, ಯಾರೂ ತಳ್ಳದೆ, ಖಾಲಿ ಜಾಗದಲ್ಲಿ ಒಬ್ಬನೇ ಓಡುತ್ತಿದ್ದ ಆ ಆಳು ಕಡಿದ ಬಾಳೆಗಿಡದಂತೆ ಕುಸಿದು ಎಡಗಾಲು ಹಿಡಿದುಕೊಂಡ. ಹಾಗೆ ಬೀಳುವ ಮೊದಲು ಅವನು ಒಮ್ಮೆ ಹಿಂತಿರುಗಿ ನೋಡಿದ. ಹಿಂದಿನಿಂದ ಯಾರೋ ಒದ್ದರೇನೋ ಎನ್ನುವಂತೆ. ಹಿಂದೆ ಯಾರೂ ಇರಲಿಲ್ಲ. ಕುಲಕರ್ಣಿಯವರು ಕೈಯಲ್ಲಿದ್ದ ಇಡ್ಲಿಯ ತುಂಡನ್ನು ಸಾಂಬಾರಿನಲ್ಲಿ ಬಿಟ್ಟು, ಟಿವಿಯನ್ನು ನೋಡದೆ ನನ್ನನ್ನು ನೋಡಿದರು.

ಮರುವಾರ ಮತ್ತೆ ಅದೇ ಸದ್ದು ಕೇಳಿತು. ಈ ಸಲ ನಿಶಾಳ ತಂಡದ, ಇಪ್ಪತ್ತೊಂದು ವರ್ಷದ ಒಬ್ಬ ಹುಡುಗನನ್ನು ತೋರಿಸಿದೆ. ಐದನೇ ದಿನ ಅವನೂ ಬಿದ್ದ. ಎಡಗಾಲೇ. ಆಮೇಲೆ ಇಬ್ಬರೂ ನನ್ನ ಎದುರು ವಾದ ಮಾಡುವುದನ್ನು ಬಿಟ್ಟರು. ಆಟಗಾರರ ಹೆಸರು ಬಂದರೆ ಪಿಸುಮಾತು. ನಿಶಾ ಅಂತೂ ನಾನು ಟಿವಿಯ ಕಡೆ ತಿರುಗಿದರೆ ಸಾಕು, "ಪಪ್ಪಾ, ಪ್ಲೀಸ್, ಅವನನ್ನು ನೋಡ್ಬೇಡ" ಎನ್ನುತ್ತಿದ್ದಳು. ನಿಜ ಹೇಳುತ್ತೇನೆ, ಹೆದರಿಕೆಯ ಅಡಿಯಲ್ಲಿ ನನಗೆ ಸಣ್ಣದೊಂದು ಜಂಬವೂ ಇತ್ತು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಅಂಕಿ ಓದುವ ಇವರಿಗೆ ತಿಳಿಯದ್ದು ಆರನೇ ಕ್ಲಾಸಿನವನಿಗೆ ತಿಳಿಯಿತಲ್ಲ!

ಜಂಬ ಇಳಿದದ್ದು ಮೂರನೇ ಸಲ. ಅಗರಬತ್ತಿ ಹಿಡಿದು ಒಂಬತ್ತನೇ ಟೇಬಲ್ಲಿನ ಹತ್ತಿರ ಬಂದಿದ್ದೆ. ಟಪ್, ಸ್ಸ್‌ಟಪ್. ಟಪ್, ಸ್ಸ್‌ಟಪ್. ನಿಂತು, "ಇಗೋ, ಇನ್ನೊಬ್ಬ ಇದ್ದಾನೆ. ಯಾರಂತ ನೋಡಿ" ಎಂದೆ.

ಕುಲಕರ್ಣಿಯವರು ಕೈಯಲ್ಲಿದ್ದ ರಿಮೋಟ್ ಎತ್ತಿ ತೋರಿಸಿದರು. "ಶೆಟ್ರ, ಇಲ್ಲಿ ಆಟ ನಡದಿಲ್ಲರಿ. ಜಾಹೀರಾತು ಬಂದಾವ. ಟಿವಿ ದನೀನೂ ಬಂದ್ ಮಾಡೀನಿ."

ಪರದೆಯ ಮೇಲೆ ಒಬ್ಬಳು ಹೆಂಗಸು ಸದ್ದಿಲ್ಲದೆ ತಲೆಗೂದಲು ಕೊಡವುತ್ತಿದ್ದಳು. ಹಾಗಾದರೆ ಆ ಪಾದ ಅಮೆರಿಕದ್ದಲ್ಲ. ನನ್ನ ಹೋಟೆಲಿನ ಒಳಗಿನದು. ತಲೆ ಎತ್ತಿದೆ. ಅಡಿಗೆಮನೆಯ ಬಾಗಿಲಲ್ಲಿ, ಹಿಂದಿನ ಒಲೆಯ ಬೆಳಕಿನಿಂದಾಗಿ ಮುಖವೇ ಕಾಣದಂತೆ, ಶೀನಣ್ಣ ಎರಡೂ ಕೈ ಮುಂದೆ ಚಾಚಿ ನಿಂತಿದ್ದ. ಅಲ್ಲಾಡಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಶೀನಣ್ಣನ ಕಾಲು! ಮೂರು ದಿನವೋ, ಐದು ದಿನವೋ. ಕುದಿಯುವ ಸಾಂಬಾರಿನ ಬಕೆಟ್ಟು ಹಿಡಿದುಕೊಂಡೇ ಬೀಳುತ್ತಾನೆ. ಹೇಳಿದರೆ ಆಗಿಬಿಡುತ್ತದೆಂದು ಬಾಯಿ ಬಿಗಿಹಿಡಿದೆ. ಹೇಳದಿದ್ದರೂ ಆಗುತ್ತದೆಂದು ಊಟ ಬಿಟ್ಟೆ. ಅವನನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುವುದೊಂದೇ ದಾರಿ. ಆದರೆ ಅಷ್ಟು ವರ್ಷದ ಮನುಷ್ಯನಿಗೆ ಬಾಗಿಲು ತೋರಿಸುವುದು ಹೇಗೆ? ಅಷ್ಟರಲ್ಲಿ ನಿಶಾ ಮೊಬೈಲ್ ನೋಡುತ್ತಾ, ತನ್ನ ತಂಡದ ಯಾವನೋ ಹಳಬನ ವಿಷಯದಲ್ಲಿ, "ಡ್ರಾಪ್ ಕರ್ ದೋ. ಮುದುಕ ಆದ ಮೇಲೆ ಸೆಂಟಿಮೆಂಟ್ ಇಟ್ಕೊಳ್ಬಾರ್ದು ನಾ" ಎಂದಳು. ಅವಳಿಗೆ ಒಂದು ಏಟು ಕೊಡಬೇಕೆನಿಸಿತು.

ಕೊನೆಗೆ ಹೇಡಿಯ ದಾರಿ ಹಿಡಿದೆ. "ಶೀನಣ್ಣ, ಗೋರೆಗಾಂವ್‌ನಲ್ಲಿರುವ ನಿನ್ನ ಮಗನ ಮನೆಗೆ ಹೋಗಿ ಒಂದು ವಾರ ಇದ್ದು ಬಾ" ಎಂದೆ. ವಾರ ಮುಗಿಯುವ ಹೊತ್ತಿಗೆ ಫೋನಿನಲ್ಲೇ ಇನ್ನು ಬರುವುದು ಬೇಡ ಎಂದರಾಯಿತು, ಮೋರೆ ನೋಡಬೇಕಾಗಿಲ್ಲ.

ಅವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. "ಯಾಕೆ ಧಣಿ, ನಾನು ಎಂಥ ಮಾಡಿದೆ?"

"ಎಂಥದೂ ಇಲ್ಲ ಮಾರಾಯ. ವಿಶ್ರಾಂತಿ."

"ವಿಶ್ರಾಂತಿ ನನಗಾ?" ಎಂದ. ಹೆಗಲಿನ ಬಟ್ಟೆ ತೆಗೆದು ಮಡಚಿ ಗಲ್ಲಾದ ಮೇಲಿಟ್ಟು ಹೋದ. ಆ ಬಟ್ಟೆಯನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಐದು ಗಂಟೆಗೆ ಒಬ್ಬನೇ ಶಟರ್ ಎತ್ತಿದೆ. ಅಡಿಗೆಯವರು ಇನ್ನೂ ಬಂದಿರಲಿಲ್ಲ. ಟಿವಿ ಇಲ್ಲ, ನಿಶಾ ಇಲ್ಲ, ಕುಲಕರ್ಣಿ ಇಲ್ಲ. ಅಗರಬತ್ತಿ ಹಚ್ಚಿ ಹೊರಟೆ. ಮೂರನೇ ಟೇಬಲ್ಲು ದಾಟಿರಲಿಲ್ಲ. ಬೆನ್ನ ಹಿಂದೆ ಟಪ್, ಸ್ಸ್‌ಟಪ್.

ನಿಂತೆ. ಅದೂ ನಿಂತಿತು.

ಎರಡು ಹೆಜ್ಜೆ ಇಟ್ಟೆ. ಅದೂ ಎರಡು ಹೆಜ್ಜೆ ಇಟ್ಟಿತು. ಮರ್ಯಾದಸ್ಥ ಭೂತ, ಧಣಿಯನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ. ಅಗರಬತ್ತಿಯ ಬೂದಿ ಕೈಮೇಲೆ ಬಿದ್ದು ಸುಟ್ಟದ್ದೂ ನನಗೆ ತಿಳಿಯಲಿಲ್ಲ. ತಲೆಯಲ್ಲಿ ಒಂದೇ ಮಾತು: ಶೀನಣ್ಣ ಗೋರೆಗಾಂವ್‌ನಲ್ಲಿ ಹೋಗಿಬಿಟ್ಟಿದ್ದಾನೆ. ಸತ್ತರೂ ಡ್ಯೂಟಿಗೆ ಸರಿಯಾದ ಹೊತ್ತಿಗೆ ಬಂದಿದ್ದಾನೆ. ಗಲ್ಲಾದ ಮೇಲಿನ ಆ ಮಡಚಿದ ಬಟ್ಟೆ ಬಿಳಿಯಾಗಿ ಹೊಳೆಯುತ್ತಿತ್ತು. ಅವನಿಗೆ ಫೋನ್ ಮಾಡಿದೆ.

"ಎಂಥ ಧಣಿ, ಇಷ್ಟು ಬೇಗ?" ಎಂದಿತು ಶೀನಣ್ಣನ ಧ್ವನಿ.

"ಶೀನಣ್ಣ... ನೀನು ಎಲ್ಲಿದ್ದಿ?"

"ಹಾಸಿಗೆಯಲ್ಲಿ. ಎಲ್ಲಿರ್ಬೇಕಿತ್ತು?"

"ನಿನ್ನ ಕಾಲು ಇಲ್ಲಿ ನಡೀತಾ ಉಂಟು ಮಾರಾಯ!"

ಆ ಕಡೆ ಅವನು ಹಾಸಿಗೆಯಿಂದ ಏಳುವ ಸದ್ದು ಕೇಳಿತು. ಆಮೇಲೆ, "ನೀವು ಒಂದು ಕುರ್ಚಿ ಇಳಿಸಿ ಕೂತ್ಕೊಳ್ಳಿ. ಎಲ್ಲಿಯೂ ನಡೀಬೇಡಿ. ನಾನು ಬರ್ತೇನೆ" ಎಂದ. ಆಶ್ಚರ್ಯವೆಂದರೆ, ನಾನು ಕೂತ ಮೇಲೆ ಭೂತವೂ ಸುಮ್ಮನಾಯಿತು.

ಗೋರೆಗಾಂವ್‌ನಿಂದ ದಾದರ್, ದಾದರಿನಲ್ಲಿ ಲೈನು ಬದಲಿಸಿ ಭಾಂಡುಪ್. ಏಳು ಗಂಟೆಗೆ ಶೀನಣ್ಣ ಒಳಗೆ ಬಂದ. ನಿಶಾ, ಕುಲಕರ್ಣಿ ಇಬ್ಬರೂ ಆಟ ಮರೆತು ನನ್ನ ಎರಡು ಪಕ್ಕ ಕೂತಿದ್ದರು. ಶೀನಣ್ಣ ನೇರ ಹೋಗಿ, ಈ ಜನ್ಮದಲ್ಲಿ ಒಮ್ಮೆಯೂ ಕೂರದಿದ್ದ ನನ್ನ ಗಲ್ಲಾದ ಕುರ್ಚಿಯಲ್ಲಿ ಕೂತು, "ಆರು ಗ್ಲಾಸು ನೀರು ತೆಗೊಳ್ಳಿ ಧಣಿ. ಅಡಿಗೆಮನೆ ಬಾಗಿಲ ತನಕ ಹೋಗಿ ಬನ್ನಿ" ಎಂದು ಕಣ್ಣು ಮುಚ್ಚಿಕೊಂಡ.

ಸಿಟ್ಟು ಬಂತು. ಆದರೂ ಗ್ಲಾಸುಗಳಿಗೆ ನೀರು ಹಾಕಿ ತಟ್ಟೆ ಹಿಡಿದೆ. ಬೈಕುಲ್ಲಾದ ಆ ಧಣಿ ಸತ್ತು ಎಷ್ಟೋ ವರ್ಷವಾಗಿದೆ, ಆದರೆ ಆ ಹೊತ್ತಿಗೆ ಶೀನಣ್ಣನ ಮುಚ್ಚಿದ ಕಣ್ಣಿನ ಹಿಂದೆ ಅವರೇ ಕೂತು ಕೇಳುತ್ತಿದ್ದಾರೆ ಅನಿಸಿತು. ನಡೆದೆ.

ಟಪ್, ಸ್ಸ್‌ಟಪ್. ಟಪ್, ಸ್ಸ್‌ಟಪ್.

"ಪಪ್ಪಾ" ಎಂದಳು ನಿಶಾ.

"ನಿಮ್ಮ ಎಡಗಾಲು ಹೀಗಾಗಿ ಮೂರು ತಿಂಗಳಾಯ್ತು ಧಣಿ" ಶೀನಣ್ಣ ಕಣ್ಣು ಮುಚ್ಚಿಯೇ ಹೇಳಿದ. "ನಿಮಗೆ ಹೇಳುವ ಧೈರ್ಯ ಯಾರಿಗುಂಟು? ಅದಕ್ಕೇ ನೀವು ಅಗರಬತ್ತಿ ಹಿಡಿದು ಬರುವಾಗ ನಾನು ಬಾಗಿಲಲ್ಲಿ ನಿಲ್ಲುವುದು. ಬಿದ್ರೆ ಹಿಡೀಲಿಕ್ಕೆ."

ಚಾಚಿದ ಆ ಎರಡು ಕೈ. ನಾನು ಅವನನ್ನು ಮನೆಗೆ ಕಳಿಸಲು ಹೊರಟದ್ದು ಆ ಕೈ ನೋಡಿ. ಕುಲಕರ್ಣಿಯವರು ಮೆಲ್ಲಗೆ, "ಅಂದ್ರ ಅಷ್ಟೂ ದಿನ ನೀವು ಕೇಳಿದ್ದು ನಿಮ್ಮ ಕಾಲಿನ ಸಪ್ಪಳಾನ ಅಂತಾತು. ಹಂಗಾದ್ರ ಆ ಇಬ್ಬರು ಯಾಕ ಬಿದ್ರು ಶೆಟ್ರ?" ಎಂದರು.

ಇವತ್ತಿಗೂ ನಾವು ಆ ಮಾತೆತ್ತುವುದಿಲ್ಲ. ಸೊಂಟದ ನರ ಒತ್ತಿದೆ, ವಾಸಿಯಾಗುತ್ತದೆ ಎಂದು ಮುಂದೆ ಡಾಕ್ಟರು ನನ್ನ ಕಾಲಿಗೆ ಕಾರಣ ಕೊಟ್ಟರು. ಅಮೆರಿಕದ ಕಾಲುಗಳ ಬಗ್ಗೆ ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಆ ಬೆಳಿಗ್ಗೆ ವಾತಾವರಣ ಹಗುರ ಮಾಡಲೆಂದು ನಿಶಾ, "ಶೀನಣ್ಣ, ಹೇಳು ನಾ. ನಮ್ಮ ಪಪ್ಪನ ವ್ಯಾಲ್ಯೂ ಎಷ್ಟು? ಇಟ್ಕೊಳ್ಲಾ, ಯಾ ಡ್ರಾಪ್ ಕರೂಂ?" ಎಂದು ಕೇಳಿದಳು.

ಶೀನಣ್ಣ ಕಣ್ಣು ತೆರೆದ. ಗಲ್ಲಾದ ಮೇಲಿದ್ದ ತನ್ನ ಬಟ್ಟೆ ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡ. "ಇರ್ಲಿ, ಇಡುವ. ಬೈಕುಲ್ಲಾದಲ್ಲಿ ಪಾಸಾದಾಗ್ಲೂ ಇವರು ಗ್ಲಾಸಿಗೆ ಅರ್ಧವೇ ನೀರು ಹಾಕಿಕೊಂಡದ್ದು. ಅಲ್ಲಿನ ಧಣಿ ಕಣ್ಣು ಮುಚ್ಚಿದ್ರಲ್ಲ, ಅವರಿಗೆ ಕಾಣ್ಲಿಲ್ಲ. ನಾನು ಹಿಂದೆ ಇದ್ದೆ."

ಸುಳ್ಳು, ಶುದ್ಧ ಸುಳ್ಳು ಎಂದು ಗುಡುಗಲು ಬಾಯಿ ತೆರೆದೆ. ಆಗ ಮೂವರೂ ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ಯಾವಾಗ ಹಾಗೆ ತುಂಬಿಸಿದೆನೋ, ದೇವರಾಣೆ ನನಗೆ ನೆನಪಿಲ್ಲ. ಆರಕ್ಕೆ ಆರೂ ಗ್ಲಾಸುಗಳಲ್ಲಿ ನೀರು ಅರ್ಧಕ್ಕೇ ನಿಂತಿತ್ತು.