ನಮ್ಮ ಹಸಿರು ಕಾರಿನ ‘ಅಸಲಿ’ ಎಂಜಿನ್ ಮಹಾಶಯರಿಗೆ

ಮಾನ್ಯರೇ,

ಎಂಟು ಸಿಲಿಂಡರುಗಳ ಒಡೆಯರೇ, ಒಂದು ಗ್ಯಾಲನ್ ಪೆಟ್ರೋಲಿಗೆ ಒಂಬತ್ತು ಮೈಲಿಗಿಂತ ಹೆಚ್ಚು ಓಡುವುದು ತಮ್ಮ ಘನತೆಗೆ ಕುಂದೆಂದು ನಂಬಿದವರೇ, ಹೇಜಲ್ ಪಾರ್ಕ್ ಎಂಬ ಊರಿನ ನಮ್ಮ ಮನೆಯ ಗರಾಜಿನಲ್ಲಿ ನಾನು ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲೇ ಬಂದು ತಳವೂರಿದ ಹಿರಿಯರೇ, ತಮಗೆ ಸಾಷ್ಟಾಂಗ ವಂದನೆಗಳು. ಸಾಷ್ಟಾಂಗವೆನ್ನುವುದು ಉಪಚಾರದ ಮಾತಲ್ಲ. ತಮ್ಮ ಕೆಳಗೆ ಸೋರುವ ಎಣ್ಣೆಗೆ ತಟ್ಟೆ ಇಡಲು ನಾನು ಇಪ್ಪತ್ತು ವರ್ಷದಿಂದ ನಿಜವಾಗಿಯೂ ನೆಲದ ಮೇಲೆ ಉದ್ದಕ್ಕೆ ಮಲಗುತ್ತಿದ್ದೇನೆ. ತಾವು ಕ್ಷೇಮವೆಂದು ತಿಳಿಯುತ್ತೇನೆ. ತಮ್ಮ ದಯೆಯಿಂದ ನಾವು ಅಷ್ಟೇನೂ ಕ್ಷೇಮವಾಗಿಲ್ಲ.

ನನ್ನ ಪರಿಚಯ ತಮಗೆ ಇರಲಾರದು, ಏಕೆಂದರೆ ಈ ಮನೆಯಲ್ಲಿ ಎಲ್ಲರಿಗೂ ತಮ್ಮನ್ನು ಪರಿಚಯಿಸುತ್ತಾರೆಯೇ ಹೊರತು ತಮಗೆ ಯಾರನ್ನೂ ಪರಿಚಯಿಸುವ ಪದ್ಧತಿಯಿಲ್ಲ. ನಾನು ಜೆನೀವಾ ಡೊಂಬೆಕ್, ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಲಿಯಾನನ ಹೆಂಡತಿ. ನಮ್ಮ ಮದುವೆಯ ದಿನ ತಾವು ಚರ್ಚಿಗೆ ಎರಡು ಬೀದಿ ದೂರದಲ್ಲಿ ಮೌನವ್ರತ ಹಿಡಿದಿರಿ. ಆಗ ಬಿಳಿ ಗೌನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಕಾರು ತಳ್ಳಿದ ಮದುಮಗಳು ನಾನೇ. ಅಂದಿನ ಫೋಟೋಗಳಲ್ಲಿ ನನ್ನ ಅಂಗೈ ಗುರುತು ಕಾರಿನ ಹಿಂಬದಿಯಲ್ಲಿಯೂ ಕಾರಿನ ಗ್ರೀಸು ನನ್ನ ಮೂಗಿನ ಮೇಲೂ ಸ್ಪಷ್ಟವಾಗಿ ಕಾಣುತ್ತವೆ. ಅದನ್ನೆಲ್ಲ ನಾನು ಸಹಿಸಿದೆ, ಏಕೆಂದರೆ ತಾವು ಈ ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದ ಅಸಲಿ ಎಂದು ನನಗೆ ಹೇಳಲಾಗಿತ್ತು.

ಹೇಳಿದವರು ನನ್ನ ಮಾವ ಇಗ್ನೇಷಿಯಸ್ ಡೊಂಬೆಕ್, ಊರಿಗೆಲ್ಲ ಇಗ್ಗಿ. ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು, ಸಾವಿರಾರು ಎಂಜಿನ್‌ಗಳಿಗೆ ಬೋಲ್ಟು ಬಿಗಿದವರು, ಎಪ್ಪತ್ತನೇ ಇಸವಿಯಲ್ಲಿ ಈ ಕಾರನ್ನು ಹೊಚ್ಚ ಹೊಸದಾಗಿ ಕೊಂಡವರು. ಪ್ರತಿ ಆಗಸ್ಟಿನ ಮೂರನೇ ಶನಿವಾರ ಊರ ಹಳೆಯ ಕಾರುಗಳೆಲ್ಲ ವುಡ್‌ವರ್ಡ್ ಹೆದ್ದಾರಿಗೆ ಮೆರವಣಿಗೆ ಹೊರಡುವಾಗ, ಮಾವ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಮಡಚುವ ಕುರ್ಚಿ ಬಿಡಿಸಿ, ಗಾಜಿನ ಮೇಲೆ “ಅಸಲಿ ಎಂಜಿನ್, ನಂಬರಿಗೆ ನಂಬರು ತಾಳೆ” ಎಂಬ ಕಾರ್ಡು ಇಟ್ಟು ಕೂರುತ್ತಿದ್ದರು. ಅಲ್ಲಿಗೆ ಬರುವವರು ಎಂಥವರೆಂದು ತಮಗೆ ಗೊತ್ತು. ಕೋಲಿನ ತುದಿಗೆ ಕಟ್ಟಿದ ಪುಟ್ಟ ಕನ್ನಡಿ, ಜೇಬಿನಲ್ಲಿ ಟಾರ್ಚು. ಎಂಜಿನ್ ಮೈಮೇಲೆ ಕೊರೆದ ನಂಬರನ್ನು ಕಾರಿನ ನಂಬರಿನೊಂದಿಗೆ ಹೋಲಿಸಿ ನೋಡದಿದ್ದರೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ. ಆದರೆ ನಮ್ಮ ಕಾರಿನ ಹತ್ತಿರ ಬಂದವರಿಗೆಲ್ಲ ಮಾವ, ಎಂಜಿನ್ ಇನ್ನೂ ಕಾದಿದೆ, ಕೈ ಸುಡುತ್ತದೆ, ಮೊದಲು ಸಾಸೇಜು ತಿನ್ನಿ ಎಂದು ತಟ್ಟೆ ಹಿಡಿಯುತ್ತಿದ್ದರು. ಸಾಸೇಜು ತಿಂದವರು ನಂಬರು ಮರೆಯುತ್ತಿದ್ದರು. ನಾನು ಇದನ್ನು ಅತಿಥಿ ಸತ್ಕಾರವೆಂದು ಮೆಚ್ಚಿಕೊಂಡಿದ್ದೆ, ಮಹಾಶಯರೇ, ನನ್ನ ಬುದ್ಧಿಗಿಷ್ಟು ಮಂಗಳಾರತಿ ಎತ್ತಬೇಕು.

ಈ ಏಪ್ರಿಲ್‌ನಲ್ಲಿ ತಾವು ನೀಲಿ ಹೊಗೆ ಬಿಡುತ್ತ, ಒಳಗೆ ಯಾರೋ ಪಾತ್ರೆ ಬಡಿಯುತ್ತಿರುವಂತೆ ಸದ್ದು ಮಾಡುತ್ತ ಹಾಸಿಗೆ ಹಿಡಿದಿರಿ. ಅದೇ ತಿಂಗಳು ಕಣ್ಣಿನ ವೈದ್ಯರು ಮಾವನಿಗೆ, ಉಳಿದಿರುವ ಮಂಜು ಮಂಜು ನೋಟವೂ ಬರುವ ವರ್ಷದ ಹೊತ್ತಿಗೆ ಉಳಿಯುವುದು ಅನುಮಾನ ಎಂದರು. ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಮಾವ ಹೇಳಿದ್ದು ಒಂದೇ ಮಾತು: “ಈ ಆಗಸ್ಟಲ್ಲಿ ಒಂದ್ಸಲ ನನ್ನ ಕಾರಲ್ಲಿ ಕೂತು ವುಡ್‌ವರ್ಡ್ ನೋಡ್ಬಿಡ್ತೀನಿ. ಆಮೇಲೆ ಕಣ್ಣು ಎಲ್ಲಿಗಾದ್ರೂ ಹೋಗ್ಲಿ.” ನಾನು ಅವರ ಕೋಟು ತೆಗೆದು ಮೊಳೆಗೆ ಹಾಕಿದೆ. ಗರಾಜಿನಲ್ಲಿ ತಮ್ಮ ಎಣ್ಣೆ ಮಾತ್ರ ಎಂದಿನಂತೆ ಧಾರಾಳವಾಗಿ ಸೋರುತ್ತಲೇ ಇತ್ತು.

ಅಲ್ಲಿಂದ ನಮ್ಮ ಊಟದ ಮೇಜಿನ ಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಪಕ್ಕದ ಮನೆಯ ಡೆಲ್ಬರ್ಟ್ ಪ್ರುಯಿಟ್, ತಮ್ಮಂಥವರನ್ನು ನೂರಾರು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕು, ಈ ಮುದಿ ಎಂಜಿನ್ನನ್ನ ಕಿತ್ತು ಬಿಸಾಕಿ ಪೆಟ್ಟಿಗೆಯಲ್ಲಿ ಬರುವ ಹೊಸ ಎಂಜಿನ್ ಕೂರಿಸೋಣ, ಎರಡು ಶನಿವಾರದ ಕೆಲಸ, ಜುಲೈಗೇ ಕಾರು ರಸ್ತೆಯಲ್ಲಿ ಎಂದ. ನನ್ನ ಗಂಡ ಲಿಯಾನ್, ಅಸಲಿ ಎಂಜಿನ್ ತೆಗೆದರೆ ಅದು ಅಪ್ಪನ ಕಾರೇ ಅಲ್ಲ, ತಡವಾದರೂ ಇದನ್ನೇ ಬಿಚ್ಚಿ, ಸವೆದ ಸಿಲಿಂಡರುಗಳನ್ನು ಕೊರೆಸಿ ಕಟ್ಟಬೇಕು ಎಂದು ಪಟ್ಟು ಹಿಡಿದ. ತಡವಾದರೆ ಆಗಸ್ಟು ಯಾರಿಗೆ ಕಾಯುತ್ತದೆ ಎಂದು ನಾನು ಕೇಳಿದೆ. ಇಷ್ಟೂ ಹೊತ್ತು ಮಾವ ಮಾತ್ರ ಪಿರೋಗಿ ಕಡುಬಿನ ಹೊಟ್ಟೆ ಬಗೆಯುತ್ತ ಕುಳಿತು, ಕೊನೆಗೆ ಎರಡೂ ಬೇಡ ಎಂದರು. ಇಳಿಸುವುದೇ ಬೇಡ, ಮುಟ್ಟುವುದೇ ಬೇಡ, ದಪ್ಪ ಎಣ್ಣೆ ಹಾಕಿ ಪ್ರಾರ್ಥನೆ ಮಾಡಿದರೆ ಸಾಕಂತೆ. ಮೂವತ್ತೊಂದು ವರ್ಷ ಎಂಜಿನ್ ಕಟ್ಟಿದವರ ಬಾಯಲ್ಲಿ ಈ ಚಿಕಿತ್ಸೆ ಕೇಳಿ ಡೆಲ್ಬರ್ಟ್ ತನ್ನ ಟೋಪಿ ತೆಗೆದು ತಲೆ ಕೆರೆದುಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಿದ್ದಾನೆ ಎಂದು ಆಗಲೂ ನಮಗೆ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಮಾವ ಚರ್ಚಿನ ಹಾಲಿಗೆ ದೊಡ್ಡಕ್ಷರದ ಎಲೆಗಳಲ್ಲಿ ಇಸ್ಪೀಟಾಡಲು ಹೋದ ಸಮಯ ನೋಡಿ ನಾವು ತಮ್ಮನ್ನು ಸರಪಳಿಯಲ್ಲಿ ಮೇಲಕ್ಕೆತ್ತಿದೆವು. ತಮ್ಮ ಪಕ್ಕೆಯ ಮೇಲೆ, ನಂಬರು ಇರಬೇಕಾದಲ್ಲಿ, ಬಣ್ಣವೂ ಗ್ರೀಸೂ ಸೇರಿ ರೊಟ್ಟಿಯಷ್ಟು ದಪ್ಪ ಕಟ್ಟಿತ್ತು. ಡೆಲ್ಬರ್ಟ್ ಕನ್ನಡಕ ಮರೆತಿದ್ದ. ಲಿಯಾನನ ಕೈಯೆಲ್ಲ ಸರಪಳಿಯಲ್ಲಿತ್ತು. ಹಾಗಾಗಿ ಕೆರೆದು ಓದುವ ಪುಣ್ಯ ನನ್ನ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷ ಪುಸ್ತಕಗಳ ಬೆನ್ನ ಮೇಲಿನ ನಂಬರು ಓದಿ ಓದಿ ಸವೆದ ಕಣ್ಣು ನನ್ನದು, ತಪ್ಪು ಓದುವುದಿಲ್ಲ. ಓದಿದೆ. ಕಾರಿನ ಕಾಗದ ತರಿಸಿ ಮತ್ತೆ ಓದಿದೆ. ಒಂದಂಕಿಯೂ ತಾಳೆಯಾಗಲಿಲ್ಲ, ಮಹಾಶಯರೇ, ಒಂದೇ ಒಂದು ಅಂಕಿಯೂ.

ಅಷ್ಟರಲ್ಲಿ ಮಾವ ಇಸ್ಪೀಟಿನಲ್ಲಿ ಸೋತು ಬೇಗನೆ ಮನೆಗೆ ಬಂದಿದ್ದರು. ಗರಾಜಿನ ಬಾಗಿಲಲ್ಲಿ ನಿಂತು, ತಾವು ಗಾಳಿಯಲ್ಲಿ ತೂಗುತ್ತಿರುವುದು ಕಂಡಿತೋ ಸರಪಳಿಯ ಸದ್ದು ಕೇಳಿತೋ, ಉರುಳಿಸಿಟ್ಟ ಬಕೆಟ್ಟಿನ ಮೇಲೆ ಕುಳಿತುಬಿಟ್ಟರು. ಅವರೇ ಲಿಯಾನನ ಕಡೆ ಮುಖ ಮಾಡಿ ಹೇಳಿದರು: “ನೀನು ಹುಟ್ಟೋ ದಿನ ಕಣೋ. ಫೆಬ್ರವರಿ, ಹಿಮ. ನಿಮ್ಮಮ್ಮ ಸ್ಟಾಶಾಗೆ ನೋವು ಜೋರಾಗಿತ್ತು. ನಾನು ಎಣ್ಣೆ ನೋಡೋಕೆ ಮರ್ತಿದ್ದೆ, ಕಾರಿನ ಎಚ್ಚರಿಕೆ ದೀಪ ಕೆಂಪಗೆ ಉರೀತಾನೇ ಇತ್ತು. ಅದರ ಅರ್ಥ ಏನೂಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದ್ರೂ ನಿಲ್ಲಿಸ್ಲಿಲ್ಲ. ನಮ್ಮನ್ನ ಆಸ್ಪತ್ರೆ ಬಾಗಿಲಿಗೆ ಮುಟ್ಟಿಸಿ ಎಂಜಿನ್ ಅಲ್ಲೇ ಪ್ರಾಣ ಬಿಡ್ತು.” ಮತ್ತೆ, “ಎಂಜಿನ್ ಕಟ್ಟೋನು ಎಣ್ಣೆ ಹಾಕ್ದೆ ತನ್ನ ಎಂಜಿನ್ನೇ ಕೊಂದ ಅಂದ್ರೆ ಕಾರ್ಖಾನೆ ಲೈನಿನೋರೆಲ್ಲ ನಗ್ತಿದ್ರು. ಆ ನಗು ಕೇಳೋ ಧೈರ್ಯ ನಂಗಿರ್ಲಿಲ್ಲ” ಎಂದರು.

ಆಮೇಲಿನ ಕಥೆ ತಮ್ಮದೇ. ಗೆಳೆಯನೊಬ್ಬನ ಕೊಟ್ಟಿಗೆಯಲ್ಲಿ ಮೂರು ದಿನ ಮೂರು ಜನ ಕೂತು, ಅದೇ ಕಂಪನಿಯ ಒಂದು ಹಳೆಯ ಗಾಡಿಯಿಂದ ತಮ್ಮನ್ನು ಕಳಚಿ ಇಲ್ಲಿ ಕೂರಿಸಿದರಂತೆ. ಆ ಗಾಡಿ ಯಾವುದೆಂದು ಡೆಲ್ಬರ್ಟ್ ಕೇಳಿದ. ಮಾವ ಬಹಳ ಸಣ್ಣ ದನಿಯಲ್ಲಿ, ಹೆಣ ಸಾಗಿಸುವ ಗಾಡಿ ಎಂದರು.

ಮಹಾಶಯರೇ, ನಾನು ಸಂಭಾವಿತ ಮನೆತನದ ಹೆಂಗಸು, ಆದರೂ ಗರಾಜಿನ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಹುಡುಗರು ಕೆಣಕಿದಾಗಲೆಲ್ಲ ತಾವು ಅಪಾರವಾಗಿ ಗರ್ಜಿಸಿ ಆನಂತರ ಗಂಭೀರವಾಗಿ, ತೂಕದಿಂದ, ಎಲ್ಲರನ್ನೂ ಮುಂದೆ ಬಿಟ್ಟು ಹೊರಡುತ್ತಿದ್ದ ಮರ್ಮ ಆಗ ತಿಳಿಯಿತು. ಚರ್ಚು ಕಂಡೊಡನೆ ತಾವು ನಿಧಾನವಾಗುತ್ತಿದ್ದುದನ್ನು ನಮ್ಮ ಪಾದ್ರಿಗಳು ದೈವಭಕ್ತಿಯೆಂದು ಹೊಗಳಿದ್ದರು; ಅದು ಕೇವಲ ಹಳೆಯ ಉದ್ಯೋಗದ ಅಭ್ಯಾಸಬಲ. ನನ್ನ ಮದುವೆಯ ದಿನ ತಾವು ಮುಷ್ಕರ ಹೂಡಿದ್ದೂ ಸರಿಯೇ, ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಕುಳಿತವಳು ಉಸಿರಾಡುವುದನ್ನು ಕಂಡು ಗಾಬರಿಯಾಗಿರಬೇಕು. ನಲವತ್ತಾರು ವರ್ಷ ಸತ್ತವರ ಹೆಸರಿನಲ್ಲಿ ಇನ್ನೊಬ್ಬರ ಮನೆಯ ಎಣ್ಣೆ ಕುಡಿದು ಪೂಜೆ ಮಾಡಿಸಿಕೊಂಡ ತಮ್ಮ ಸಾಮರ್ಥ್ಯವನ್ನು ಯಾವ ಬಾಯಿಂದ ಹೊಗಳಲಿ?

ಆದರೆ ನನ್ನ ನಗು ನಿಂತಾಗ ಮಾವ ಇನ್ನೂ ಬಕೆಟ್ಟಿನ ಮೇಲೆಯೇ ಇದ್ದರು. ಹೊಸದೇ ಕೂರಿಸಿ, ಇದನ್ನು ಗುಜರಿಗೆ ಹಾಕಿ, ವುಡ್‌ವರ್ಡಿನಲ್ಲಿ ಯಾರಿಗೂ ಹೇಳಬೇಡಿ ಎಂದರು. ಡೆಲ್ಬರ್ಟನೂ, ಈಗ ಅಡ್ಡಿಯೇನು, ಅಸಲಿಯೇ ಅಲ್ಲವಲ್ಲ ಎಂದ. ಅಸಲಿ ಅಸಲಿ ಎಂದು ಕುಣಿದಿದ್ದ ಲಿಯಾನನಿಗೆ ತಲೆ ಎತ್ತಲು ಜಾಗವಿರಲಾರದು ಎಂದುಕೊಂಡೆ. ಅವನು ಕೈ ಒರೆಸಿಕೊಂಡು ತಮ್ಮ ಮೈಮೇಲೆ ಅಂಗೈ ಇಟ್ಟು ಹೇಳಿದ್ದು ಇದು: “ಆ ಎಂಜಿನ್ ನನ್ನನ್ನ ಆಸ್ಪತ್ರೆಗೆ ಮುಟ್ಟಿಸಿ ಸತ್ತಿದೆ. ಇದು ನನ್ನನ್ನ ಮನೆಗೆ ಕರ್ಕೊಂಡ್ ಬಂದಿದೆ. ಇದನ್ನ ಗುಜರಿಗೆ ಹಾಕಲ್ಲಪ್ಪಾ, ಕಟ್ತೀನಿ.”

ನನಗೂ ಆಗ ಒಂದು ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ನಮ್ಮತ್ತೆ ಸ್ಟಾಶಾ ತೀರಿಕೊಂಡಾಗ, ಅವರ ಶವದ ಗಾಡಿಯ ಹಿಂದೆಯೇ ಸ್ಮಶಾನದವರೆಗೆ ನಾವೆಲ್ಲ ಈ ಹಸಿರು ಕಾರಿನಲ್ಲಿ ಹೋದೆವು. ಆ ದಿನ ತಾವು ಒಂದು ಬಾರಿಯೂ ಕೆಮ್ಮಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. ದಾರಿ ತಮಗೆ ಗೊತ್ತಿತ್ತು. ಅಂದು ತಾವು ನನ್ನ ಅತ್ತೆಯನ್ನು ಎಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟಿರೆಂದು ಈಗ ಯೋಚಿಸಿದರೆ ಕಣ್ಣು ತುಂಬುತ್ತದೆ. ಆದ್ದರಿಂದ ನನ್ನ ವೋಟೂ ಲಿಯಾನನಿಗೇ ಬಿತ್ತು.

ಆ ವೋಟಿಗೆ ತೆತ್ತ ದಂಡವನ್ನು ತಮ್ಮ ಅವಗಾಹನೆಗೆ ತರುತ್ತೇನೆ. ತಮ್ಮ ಮುಚ್ಚಳಗಳು ನನ್ನ ಪಾತ್ರೆ ತೊಳೆಯುವ ಯಂತ್ರದಲ್ಲಿ ಸ್ನಾನ ಮಾಡಿದವು. ಬಣ್ಣ ಬಳಿದ ಭಾಗಗಳು ನನ್ನ ಓವನ್ನಿನಲ್ಲಿ ಬೆಂದವು, ಅಂದಿನಿಂದ ನಮ್ಮ ಮನೆಯ ಕೋಳಿಯೂ ಕೇಕೂ ಒಂದೇ ರುಚಿ. ತಮ್ಮ ಬೆನ್ನೆಲುಬಾದ ಕ್ರ್ಯಾಂಕ್ ದಂಡ ಹತ್ತು ದಿನ ನನ್ನ ಬಚ್ಚಲ ತೊಟ್ಟಿಯಲ್ಲಿ ಶಯನಿಸಿತ್ತು, ನಾನು ಸ್ನಾನಕ್ಕೆ ಡೆಲ್ಬರ್ಟನ ಹೆಂಡತಿಯ ಕಾಲು ಹಿಡಿದೆ. ಸಿಲಿಂಡರು ಕೊರೆಯುವ ಅಂಗಡಿಯವನು ಅಕ್ಟೋಬರಿಗೆ ಕೊಡುತ್ತೇನೆ ಎಂದಾಗ ಡೆಲ್ಬರ್ಟ್ ಅಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತು, ಅವನಿಗೆ ಬೇಸರ ಬರುವವರೆಗೆ ಹಳ್ಳಿ ಹಾಡು ಹೇಳಿ ಜುಲೈಗೇ ಮಾಡಿಸಿಕೊಂಡು ಬಂದ. ಮಾವನ ಕಣ್ಣಿಗೆ ಬೋಲ್ಟು ಕಾಣದಿದ್ದರೂ ಬೆರಳಿಗೆ ಕಾಣುತ್ತಿತ್ತು. ಪ್ರತಿಯೊಂದನ್ನೂ ಅವರೇ ಬಿಗಿದರು. ಎಣ್ಣೆಯನ್ನೂ ಅವರೇ ಹಾಕಿದರು, ಮೂರು ಸಲ ಅಳತೆ ಕಡ್ಡಿ ಎಳೆದು ನನ್ನಿಂದ ಓದಿಸಿದರು.

ಇಷ್ಟಾದ ಮೇಲೆ ನನ್ನ ಸಣ್ಣಪುಟ್ಟ ಬೇಡಿಕೆಗಳನ್ನು ತಾವು ಮನ್ನಿಸಬೇಕು. ಇನ್ನು ಮುಂದೆ ಸೋರುವುದಿದ್ದರೆ ದಯವಿಟ್ಟು ಆಲಿವ್ ಎಣ್ಣೆ ಸೋರಿ, ನಾನು ಸೌತೆಕಾಯಿಗಾದರೂ ಹಾಕುತ್ತೇನೆ. ಮದುವೆಗೆ ಹೋಗುವಾಗ ಮಸಣದ ನಡಿಗೆಯನ್ನೂ ಮಸಣಕ್ಕೆ ಹೋಗುವಾಗ ಮದುವೆಯ ಸಡಗರವನ್ನೂ ತೋರಬೇಡಿ. ಮುಖ್ಯವಾಗಿ, ಈ ಮನೆಯ ಯಾರನ್ನೂ ತಮ್ಮ ಪೂರ್ವಾಶ್ರಮದ ಗಿರಾಕಿಗಳೆಂದು ಸದ್ಯಕ್ಕೆ ನೋಡಬೇಡಿ.

ಈ ದಿನ ಬೆಳಗ್ಗೆ, ಆಗಸ್ಟಿನ ಮೂರನೇ ಶನಿವಾರ, ತಾವು ಮೊದಲ ಕೀಲಿಗೇ ಎದ್ದಿರಿ. ಲಿಯಾನ್ ಓಡಿಸಿದ, ಮಾವ ಪಕ್ಕದಲ್ಲಿ ಕಿಟಕಿ ಇಳಿಸಿ ಕುಳಿತು, ಕೆಂಪು, ಇನ್ನೊಂದು ಕೆಂಪು, ಅದೋ ನೀಲಿ ಎಂದು ಹಾದುಹೋಗುವ ಕಾರುಗಳ ಬಣ್ಣ ಹೇಳುತ್ತ ಬಂದರು. ಮುಖಗಳು ಅವರಿಗೆ ಈಗ ಕಾಣುವುದಿಲ್ಲ, ಬಣ್ಣಗಳು ಕಂಡವು, ಅಷ್ಟು ಸಾಕಾಯಿತು. ನಿಲ್ಲಿಸುವ ಜಾಗ ಬಂದಾಗ ಹಳೆಯ ಕಾರ್ಡನ್ನು ಎರಡು ತುಂಡು ಮಾಡಿ ನನ್ನ ಕೈಗಿತ್ತು, “ನೀನು ಬರ್ದು ನಂಗೆ ಓದಿ ಹೇಳಿದ್ಯಲ್ಲ, ಆ ದೂರಿನ ಕಾಗದ, ಅದನ್ನೇ ಗಾಜಿನ ಮೇಲೆ ಹಾಕಮ್ಮಾ. ಎಲ್ಲಾ ಓದ್ಲಿ” ಎಂದರು. ಹಾಕಿದ್ದೇನೆ, ಬೆಳಗಿನ ಸಂಗತಿಯನ್ನು ಇಲ್ಲೇ, ತಮ್ಮ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಸೇರಿಸಿದ್ದೇನೆ. ಬರೆಯುವಾಗ ತಾವು ಬಹಳ ಬಿಸಿಯಿದ್ದಿರಿ.

ಉಗುರುಗಳಲ್ಲಿ ಇನ್ನೂ ಗ್ರೀಸು ಉಳಿದಿರುವ,
ತಮ್ಮ ವಿಶ್ವಾಸಿ
ಜೆನೀವಾ ಡೊಂಬೆಕ್

ಮರೆತ ಮಾತು: ಕನ್ನಡಿ ಟಾರ್ಚು ಹಿಡಿದು ಇಲ್ಲಿಯವರೆಗೆ ಓದಿದ ಮಹನೀಯರೇ, ನಂಬರನ್ನು ಉಜ್ಜಿ ತೊಳೆದಿದ್ದೇವೆ, ಧಾರಾಳವಾಗಿ ಬಗ್ಗಿ ನೋಡಿ, ಸಾಸೇಜು ಆಮೇಲೆ. ಎಡಬಲದ ಕಾರುಗಳ ಅಸಲಿ ಮಾಲೀಕರೇ, ತಮ್ಮ ನಂಬರಿನ ಮೇಲೂ ಬಣ್ಣ ಯಾಕೋ ಕೊಂಚ ದಪ್ಪವಾಗಿದೆ, ಗಮನಿಸಿ. ಇನ್ನು ನಗು ಬಂದವರು ಯಾರೂ ಬಾಯಿಗೆ ಕೈ ಅಡ್ಡ ಹಿಡಿಯಬೇಡಿ. ಕುರ್ಚಿಯಲ್ಲಿ ಕೂತಿರುವ ಮುದುಕ ಆ ನಗುವಿಗೆ ನಲವತ್ತಾರು ವರ್ಷ ಹೆದರಿದ್ದು ಸಾಕು. ನಿಮ್ಮ ಮುಖ ಅವರಿಗೆ ಕಾಣುವುದಿಲ್ಲ, ಗಟ್ಟಿಯಾಗಿ ನಕ್ಕರೆ ಕೇಳಿಸುತ್ತದೆ.