ಮೂವತ್ತಾರು ತಿರುವುಗಳ ಮಾವ

ಲೆಕ್ಕ ಇಡುವುದು ನನಗೆ ಅಂಟಿಕೊಂಡ ರೋಗ. ಕಳೆದ ವರ್ಷ ಊಟಿಯ ಗಾಳಿಗೆ ನನ್ನ ಕೊಡೆ ಎಷ್ಟು ಸಲ ಮಗುಚಿಕೊಂಡಿತು (ಹದಿನೇಳು), ಆಫೀಸಿನಲ್ಲಿ ಮೇಲಧಿಕಾರಿ ನನ್ನನ್ನು ಬೇರೆಯವರ ಹೆಸರಿನಿಂದ ಎಷ್ಟು ಸಲ ಕರೆದರು (ನಲವತ್ತೊಂದು), ಅವ್ವೆ "ಈ ಡೈರಿಯನ್ನ ಒಲೆಗೆ ಹಾಕ್ತೀನಿ" ಎಂದು ಎಷ್ಟು ಸಲ ಹೇಳಿದಳು (ಅರವತ್ತು, ಹಾಕಿದ್ದು ಒಮ್ಮೆಯೂ ಇಲ್ಲ), ಎಲ್ಲವೂ ತಾರೀಖು ಸಮೇತ ನನ್ನಲ್ಲಿದೆ. ಇದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ ಎಂದು ನಾನೇ ಒಪ್ಪಿಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಮಾದನ್ ಮಾವನ ಜೀವನಚರಿತ್ರೆಯನ್ನು ಪುಸ್ತಿಕೆಯಾಗಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಮಾದನ್ ಮಾವ ಅವ್ವೆಯ ತಮ್ಮ. ಕೂಕಲ್ತೊರೈಯಲ್ಲಿ ಒಂದಿಷ್ಟು ಚಹಾ ತೋಟ, ಸುತ್ತಲಿನ ಹಟ್ಟಿಗಳಲ್ಲೆಲ್ಲ ದೊಡ್ಡ ಮುಖಂಡ ಎಂಬ ಹೆಸರು. ಜನ ಅವರ ಮೂರು ಗುಣಗಳನ್ನು ಹೊಗಳುತ್ತಾರೆ. ಒಂದು, ಸರಳತೆ. ಎಷ್ಟೇ ದೂರದ ಸಭೆಯಾದರೂ ನಡೆದೇ ಹೋಗುತ್ತಾರೆ. ಎರಡು, ಮಿತಭಾಷೆ. ವೇದಿಕೆ ಹತ್ತಿ "ಎಲ್ಲರೂ ಹೇಳಿಯಾಯ್ತು, ಟೀ ಕುಡೀರಿ" ಎಂದು ಇಳಿದುಬಿಡುತ್ತಾರೆ. ಮೂರು, ಪ್ರಾಮಾಣಿಕತೆ. ಒಮ್ಮೆ ಎದುರು ಪಕ್ಷದವರು ಪಂಚಾಯ್ತಿ ಸದಸ್ಯರನ್ನೆಲ್ಲ ಬಸ್ಸಿನಲ್ಲಿ ಬೆಟ್ಟದಿಂದ ಬಯಲುಸೀಮೆಗೆ ಇಳಿಸಿ, ಹೋಟೆಲಿನಲ್ಲಿ ಇಟ್ಟು ಬಿರಿಯಾನಿ ಹಾಕಿ, ಪಕ್ಷ ಬದಲಾಯಿಸಿ ಕಳಿಸಿದರು. ಬದಲಾಗದೆ ಉಳಿದವರು ಮಾವ ಒಬ್ಬರೇ.

ನಿಜ ಸಂಗತಿ ಗೊತ್ತಿದ್ದದ್ದು ಅತ್ತೆಗೆ, ಅವ್ವೆಗೆ, ನನ್ನ ಡೈರಿಗೆ. ಮಾವನಿಗೆ ಗಾಡಿ ಹತ್ತಿದರೆ ವಾಂತಿ. ಆದ್ದರಿಂದ ನಡಿಗೆ. ನಡೆದು ಹೋಗುವಷ್ಟರಲ್ಲಿ ವಂದನಾರ್ಪಣೆ ನಡೆಯುತ್ತಿರುವುದರಿಂದ ಮಿತಭಾಷೆ. ಇನ್ನು ಆ ಬಸ್ಸನ್ನು ಅವರೂ ಹತ್ತಿದ್ದರು. ಎರಡನೇ ತಿರುವಿನಲ್ಲಿ ಇಳಿದು, ಪೊದೆಯ ಹಿಂದೆ ಕೆಲಸ ಮುಗಿಸಿ, ಮನೆಗೆ ನಡೆದರು. ಕ್ಯಾಲೆಂಡರಿನಲ್ಲಿ ಬಸ್ಸಿನ ಚಿತ್ರವಿದ್ದ ತಿಂಗಳು ಅತ್ತೆ ಅದನ್ನು ಗೋಡೆಯ ಕಡೆಗೆ ತಿರುಗಿಸಿ ತೂಗುಹಾಕುತ್ತಾರೆ.

ಹೀಗೆ ಸುಖವಾಗಿ ನಡೆಯುತ್ತಿದ್ದ ರಾಜಕೀಯಕ್ಕೆ ವಿಧಾನಸಭೆಯ ಟಿಕೆಟ್ಟಿನ ರೂಪದಲ್ಲಿ ಕಷ್ಟ ಬಂತು. ಪಕ್ಷದ ತಲೈವರು, ಅಂದರೆ ಎಲ್ಲರಿಗಿಂತ ಮೇಲಿನ ನಾಯಕರು, ಚೆನ್ನೈಯಿಂದ ವಿಶ್ರಾಂತಿಗೆಂದು ಮಸಿನಗುಡಿಗೆ ಬಂದಿದ್ದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಾವ ಖುದ್ದಾಗಿ ಬಂದು ಕಾಣಬೇಕು, ಬರದಿದ್ದರೆ ಟಿಕೆಟ್ಟು ಪಕ್ಷದೊಳಗಿನ ಎದುರಾಳಿಗೆ. ಮಾವ ಮಂಗಳವಾರವೇ ಊಟಿಯ ನಮ್ಮ ಮನೆಗೆ ನಡೆದು ಬಂದು ಕುಸಿದು ಕೂತರು.

"ಕೂಸು, ಕಲ್ಹಟ್ಟಿ ರೋಡಲ್ಲಿ ಮೂವತ್ತಾರು ಹೇರ್‌ಪಿನ್ ಬೆಂಡು. ನಾನು ಮೂರನೇದರಲ್ಲೇ ಮುಗಿದೆ."

"ನಡೆದೇ ಹೋಗಿ ಮಾಮಾ."

"ಆ ಕಾಡಲ್ಲಿ ನಡೆದರೆ ತಲೈವರಿಗಿಂತ ಮೊದಲು ಆನೇನೇ ನನ್ನ ನೋಡ್ತದೆ."

ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಟಿಕೆಟ್ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಹೊಸ ಬಿಳಿ ಶರ್ಟು ಮಾತ್ರ ಬಿಳಿಯಾಗೇ ವಾಪಸ್ ಬರಬೇಕು."

ಬುಧವಾರ ಬಾಡಿಗೆ ಜೀಪಿನಲ್ಲಿ, ಲವ್‌ಡೇಲ್ ರಸ್ತೆಯಲ್ಲಿ, ನಾನು ಕ್ರಮಬದ್ಧವಾಗಿ ಪರೀಕ್ಷೆ ನಡೆಸಿದೆ. ನಿಂಬೆಹಣ್ಣು ಮೂಸಿದರೆ ಮೂರು ತಿರುವು. ಶುಂಠಿ ಅಗಿದರೆ ನಾಲ್ಕು. ಖಾಲಿ ಹೊಟ್ಟೆಯಲ್ಲಿ ಎರಡು. ತುಂಬಿದ ಹೊಟ್ಟೆಯ ಫಲಿತಾಂಶವನ್ನು ಬರೆದಿಲ್ಲ, ಡೈರಿ ಒದ್ದೆಯಾಗಿತ್ತು. ಬೇಸತ್ತು ವಾಪಸ್ ಬರುವಾಗ ಮಾವ ಎದುರಾಳಿಯನ್ನು ಬೈಯತೊಡಗಿದರು. ಬೈಗುಳ ಮುಗಿದಾಗ ನೋಡುತ್ತೇನೆ, ಒಂಬತ್ತು ತಿರುವು ದಾಟಿಯಾಗಿದೆ, ಮಾವ ಸ್ವಚ್ಛವಾಗಿದ್ದಾರೆ! ಮಾತು ಹೊರಗೆ ಬರುತ್ತಿರುವಷ್ಟು ಹೊತ್ತು ಅವರ ಬಾಯಿಂದ ಬೇರೇನೂ ಬರುವುದಿಲ್ಲ. ಇಷ್ಟು ವರ್ಷ ಅವರು ಮಿತಭಾಷಿಯಾಗಿದ್ದದ್ದೇ ತಪ್ಪು.

ಮೂವತ್ತಾರು ತಿರುವಿಗೆ ಸಾಲುವಷ್ಟು ಬೈಗುಳ ಮಾವನಲ್ಲಿರಲಿಲ್ಲ. ಆದ್ದರಿಂದ ಗುರುವಾರ ಅವರು ಜೀವನಚರಿತ್ರೆಯನ್ನೇ ಹೇಳುವುದು, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು ಎಂದಾಯಿತು. ಮೊದಲ ಬೆಂಡಿನಲ್ಲಿ ಮಾವ ಹುಟ್ಟಿದರು. ಏಳರಲ್ಲಿ ಶಾಲೆ ಬಿಟ್ಟರು. ಹನ್ನೊಂದರಲ್ಲಿ ಮದುವೆ. ಹದಿನಾಲ್ಕರಲ್ಲಿ ಕಾಡುಕೋಣ ಅಡ್ಡ ನಿಂತಿತು. ಮಾವ ಹೆದರಿ ಮಾತು ನಿಲ್ಲಿಸಲಿಲ್ಲ, ಕೋಣ ಅವರ ಮೊದಲ ಚುನಾವಣೆಯ ಸೋಲನ್ನು ಪೂರ್ತಿ ಕೇಳಿಸಿಕೊಂಡು ನಿಧಾನಕ್ಕೆ ಹೋಯಿತು. ರಸ್ತೆ ಇಳಿದಷ್ಟೂ ಮಾವ ಮೇಲೇರುತ್ತಿದ್ದರು. ಇಪ್ಪತ್ತೆರಡರಲ್ಲಿ ಪಂಚಾಯ್ತಿ ಸದಸ್ಯ, ಇಪ್ಪತ್ತೆಂಟರಲ್ಲಿ ಅಧ್ಯಕ್ಷ. ನಾನು ತಲೆ ಬಗ್ಗಿಸಿ ಒಂದು ಅಕ್ಷರ ಬಿಡದೆ ಬರೆಯುತ್ತಿದ್ದೆ. ಕುಲುಕುವ ಜೀಪಿನಲ್ಲಿ ತಲೆ ಬಗ್ಗಿಸಿ ಬರೆಯುವವನ ಹೊಟ್ಟೆ ಏನಾಗುತ್ತದೆ ಎಂಬುದು ನನ್ನ ಪರೀಕ್ಷೆಯ ವ್ಯಾಪ್ತಿಯಲ್ಲಿರಲಿಲ್ಲ. ಮೂವತ್ತೊಂದನೇ ಬೆಂಡಿನ ನಂತರ ಡೈರಿಯಲ್ಲಿ ಅಕ್ಷರಗಳಿಲ್ಲ, ಗೆರೆಗಳಿವೆ.

ಮಸಿನಗುಡಿಯ ಬಂಗಲೆಯ ಮುಂದೆ ಜೀಪು ನಿಂತಾಗ ತಲೈವರು ಜಗಲಿಯಿಂದ ಇಳಿದು ಬಂದರು. ಮೊದಲು ಇಳಿದವನು ನಾನು. ಕೈ ಮುಗಿದೆ, ಬಾಯಿ ತೆರೆದೆ, ತಲೈವರ ಚಪ್ಪಲಿಯ ಮೇಲೆ ಬೆಳಗಿನ ತಿಂಡಿಯನ್ನೆಲ್ಲ ಅರ್ಪಿಸಿದೆ.

ಮಾವ ಜೀವಮಾನದ ಅನುಭವಿ. ಒಂದೇ ನೆಗೆತಕ್ಕೆ ಬಂದು ನನ್ನ ಹಣೆ ಹಿಡಿದರು, ಬೆನ್ನು ನೀವಿದರು. ಒಂದು ಜೇಬಿನಿಂದ ನಿಂಬೆಹಣ್ಣು ಬಂತು, ಇನ್ನೊಂದರಿಂದ ಶುಂಠಿ, ಸೊಂಟದಿಂದ ಪ್ಲಾಸ್ಟಿಕ್ ಚೀಲ. ತಲೈವರ ಕಣ್ಣು ಒದ್ದೆಯಾಯಿತು. "ಕುಡಿದು ಬಂದ ಕಾರ್ಯಕರ್ತನಿಗೂ ಜೇಬಲ್ಲಿ ಮದ್ದು ಇಟ್ಟುಕೊಂಡು ತಿರುಗುವ ನಾಯಕನನ್ನು ನಾನು ಈಗಲೇ ನೋಡಿದ್ದು" ಎಂದು ತಮಿಳಿನಲ್ಲಿ ಹೇಳಿ, ನನ್ನ ಕಡೆ ತಿರುಗಿ, "ಬೆಳಿಗ್ಗೆ ಬೆಳಿಗ್ಗೇನೇ ಯಾಕೆ ತಂಬಿ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕಿವಿಯಲ್ಲಿ ಪಿಸುಗುಟ್ಟಿದರು. "ಕೂಸು, ಕುಡಿದೆ ಅಂತಲೇ ಇರಲಿ. ಗಾಡಿ ವಾಂತಿ ಅಂದರೆ ನಿಂಬೆಹಣ್ಣು ಯಾರಿಗೆ ಅಂತ ಕೇಳ್ತಾರೆ. ಆಮೇಲೆ ನನ್ನ ಸರಳತೆ, ಪ್ರಾಮಾಣಿಕತೆ ಎಲ್ಲಾ ಒಟ್ಟಿಗೇ ಹೊರಗೆ ಬರ್ತದೆ."

ಸಂಜೆಯೊಳಗೆ ಟಿಕೆಟ್ ಮಾವನದಾಯಿತು. ಶರ್ಟು ಬಿಳಿಯಾಗಿಯೇ ಮನೆ ಸೇರಿತು. ಪುಸ್ತಿಕೆಯೂ ಅಚ್ಚಾಗಿ ಹಟ್ಟಿಹಟ್ಟಿಗೆ ಹಂಚಿಯಾಯಿತು. ಕೊನೆಯ ಪುಟದಲ್ಲಿ "ಕುಡುಕನಾದ ಸ್ವಂತ ಅಳಿಯನನ್ನೂ ಮಗುವಿನಂತೆ ಸಂತೈಸಿದ ಕರುಣಾಮಯಿ" ಎಂಬ ವಾಕ್ಯವಿದೆ. ಬರೆದವನು ನಾನೇ. ಎರಡು ಕಡೆ ತಿದ್ದಿ, ಚೆನ್ನಾಗಿ ಬಂದಿದೆ ಎಂದು ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ.

ಡೈರಿಯ ಇವತ್ತಿನ ಲೆಕ್ಕ ಹೀಗಿದೆ. ಹುಟ್ಟಿದ ಮೇಲೆ ನಾನು ಕುಡಿದ ಮದ್ಯ: ಸೊನ್ನೆ. ಕುಡಿತ ಬಿಡು ಎಂದು ನನಗೆ ಬುದ್ಧಿ ಹೇಳಿದವರು: ಇಪ್ಪತ್ತಾರು. ಅವರಲ್ಲಿ ಕುಡಿದು ಬಂದು ಹೇಳಿದವರು: ನಾಲ್ಕು.